ಅರ್ಬುದರೋಗದ ಹೊಸ ಪರೀಕ್ಷೆಗಳು: ತೂಗಿ ನೋಡುವ ಬಗೆ

ಅರ್ಬುದ ಅಥವಾ ಕ್ಯಾನ್ಸರ್ ಎಂಬ ಹೆಸರನ್ನು ಮನೆಯಲ್ಲಿ ಉಚ್ಚರಿಸಲೂ ಅಂಜುತ್ತಿದ್ದ ಕಾಲವೊಂದಿತ್ತು. ಈಗ ಆ ಹೆಸರು ಜಾಹೀರಾತುಗಳಲ್ಲಿಯೇ ಕಾಣಿಸಿಕೊಳ್ಳುತ್ತಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಬೇಲೂರಿನಲ್ಲಿರುವ ತಂದೆತಾಯಿಗಳಿಗೆ ‘ಪೂರ್ಣದೇಹ ತಪಾಸಣೆ’ಯನ್ನು ಕಾಣಿಕೆಯಾಗಿ ಮಾಡಿಸುತ್ತಾನೆ. ಕೊಂಚ ರಕ್ತದಿಂದಲೇ ಹಲವು ಬಗೆಯ ಕ್ಯಾನ್ಸರಿನ ಸುಳಿವನ್ನು ಹಿಡಿಯುವ ಪರೀಕ್ಷೆಗಳೂ ಬಂದಿವೆ. ಬೆಂಗಳೂರಿನ ಸ್ಟ್ರಾಂಡ್ ಲೈಫ್ ಸೈನ್ಸಸ್ ಸಂಸ್ಥೆಯು ಅಂತಹುದೊಂದನ್ನು 2024ರ ಡಿಸೆಂಬರಿನಲ್ಲಿ ಹೊರತಂದಿತು. ಆದರೆ ಇದೇ ಸೀಮೆಯ ಹಳ್ಳಿಗಳಲ್ಲಿ, ಮುಟ್ಟು ನಿಂತ ಬಳಿಕ ಮರಳಿ ರಕ್ತ ಕಂಡರೂ ಸೊಸೆಗೆ ಹೇಳದೆ, ಮಗನಿಗೆ ಹೇಳದೆ, ತಿಂಗಳುಗಟ್ಟಲೆ ಮರೆಮಾಚುವ ತಾಯಂದಿರೂ ಇದ್ದಾರೆ. ಹೀಗಿರುವಾಗ ಗೃಹಸ್ಥನಾದವನು ಯಾವ ಪರೀಕ್ಷೆಯನ್ನು ನಂಬಬೇಕು, ಯಾವುದಕ್ಕೆ ಹಣ ತೆರಬೇಕು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ. ನಾವು ವೈದ್ಯರಲ್ಲ. ಆದರೆ ಪ್ರಮಾಣಗಳನ್ನು ತೂಗಿ ನೋಡುವುದು ನಾವು ಮಠದಲ್ಲಿ ಕಲಿತ ವಿದ್ಯೆ. ಅದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ಭೇದವನ್ನು ತಿಳಿಯಬೇಕು. ಗಂಟು, ಮಾಯದ ಹುಣ್ಣು, ರಕ್ತಸ್ರಾವಗಳಂಥ ಲಕ್ಷಣವುಳ್ಳವರನ್ನು ಪರೀಕ್ಷಿಸುವುದು ರೋಗನಿರ್ಣಯ. ಯಾವ ಲಕ್ಷಣವೂ ಇಲ್ಲದ ಸ್ವಸ್ಥರನ್ನು ಪರೀಕ್ಷಿಸುವುದು ತಪಾಸಣೆ. ಲಕ್ಷಣವುಳ್ಳವರು ಒಂದು ದಿನವೂ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಅಲ್ಲಿ ತೂಗಿ ನೋಡುವ ಮಾತೇ ಇಲ್ಲ. ತೂಗಬೇಕಾದುದು ಸ್ವಸ್ಥರ ತಪಾಸಣೆಯನ್ನು ಮಾತ್ರ.

ನಮ್ಮ ಭಾಗದ ಕಾಫಿ ಬೆಳೆಗಾರರಿಗೆ ಈ ವಿಷಯ ಸುಲಭವಾಗಿ ತಿಳಿದೀತು. ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕ ಬಿದ್ದಾಗ ಅವರು ತೋಟದಲ್ಲಿ ಗಿಡಗಿಡವನ್ನೂ ನೋಡುತ್ತಾ ಬರುತ್ತಾರೆ. ಕಾಂಡದ ಮೇಲೆ ಉಬ್ಬುಗೆರೆ ಕಂಡ ಗಿಡವನ್ನು, ಹುಳು ದುಂಬಿಯಾಗಿ ಹೊರಹಾರುವ ಮೊದಲೇ ಕಿತ್ತು ಸುಡುತ್ತಾರೆ. ಈ ಶ್ರಮ ಫಲಿಸುವುದು ಮೂರು ಕಾರಣಗಳಿಂದ: ಗುರುತು ಕಣ್ಣಿಗೆ ಕಾಣುತ್ತದೆ, ಕಂಡ ಮೇಲೆ ಮಾಡತಕ್ಕ ಕೆಲಸವುಂಟು, ಆ ಕೆಲಸಕ್ಕೆ ಸಮಯವೂ ಉಳಿದಿದೆ. ದೇಹದ ತಪಾಸಣೆಗೂ ಈ ಮೂರೂ ಕೂಡಿಬರಬೇಕು.

ತಪ್ಪು ಎಲ್ಲೆಲ್ಲಿ ನುಸುಳುತ್ತದೆ?

ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಪ್ರಸಿದ್ಧ ದೃಷ್ಟಾಂತ. ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನವೇ ಕೆಡುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಮಂಜಿನ ಪರಿಚಯ ಸಾಕಷ್ಟಿದೆ. ಲೆಕ್ಕಕ್ಕೆಂದು ಹತ್ತು ಸಾವಿರ ಸ್ವಸ್ಥರನ್ನು ಭಾವಿಸೋಣ; ಅವರಲ್ಲಿ 50 ಮಂದಿಗೆ ಗುಪ್ತವಾಗಿ ರೋಗವಿದೆ. ಪರೀಕ್ಷೆಯು ಅರ್ಧದಷ್ಟನ್ನು, ಅಂದರೆ 25 ಮಂದಿಯನ್ನು ಹಿಡಿಯಿತು. ರೋಗವಿಲ್ಲದವರಲ್ಲಿ ಇನ್ನೂರಕ್ಕೊಬ್ಬರನ್ನು ಮಾತ್ರ ತಪ್ಪಾಗಿ ರೋಗಿಯೆಂದಿತು. ಇದು ಬಹು ಸಣ್ಣ ದೋಷವೆಂದು ತೋರುತ್ತದೆ. ಆದರೂ ಅಂಥವರ ಸಂಖ್ಯೆ ಸುಮಾರು 50 ಆಗುತ್ತದೆ. ‘ನಿಮಗೆ ಕ್ಯಾನ್ಸರಿರಬಹುದು’ ಎಂಬ ಮಾತನ್ನು ಕೇಳಿದ 75 ಮಂದಿಯಲ್ಲಿ 50 ಮಂದಿ ವ್ಯರ್ಥವಾಗಿ ಹೆದರಿದವರು. ಇನ್ನುಳಿದ 25 ರೋಗಿಗಳು ‘ಏನೂ ಇಲ್ಲ’ ಎಂಬ ಹುಸಿ ಅಭಯದೊಡನೆ ಮನೆಗೆ ಮರಳಿದವರು.

ಎರಡನೆಯ ದೋಷ ಕಾಲಗಣನೆಯದು. ಒಬ್ಬಾಕೆಗೆ 55ನೆಯ ವಯಸ್ಸಿನಲ್ಲಿ ರೋಗ ತಿಳಿದು 60ರಲ್ಲಿ ತೀರಿಕೊಂಡರೆ ಐದು ವರ್ಷ ಬದುಕಿದಳೆನ್ನುತ್ತೇವೆ. ಅದೇ ರೋಗವನ್ನು 50ರಲ್ಲಿಯೇ ಪತ್ತೆಹಚ್ಚಿ, ಆಕೆ 60ರಲ್ಲಿಯೇ ತೀರಿಕೊಂಡರೆ ಹತ್ತು ವರ್ಷ ಬದುಕಿದಳೆನ್ನುತ್ತೇವೆ. ಆಯುಷ್ಯ ಒಂದು ದಿನವೂ ಹೆಚ್ಚಲಿಲ್ಲ. ಚಿಂತೆ ಮಾತ್ರ ಐದು ವರ್ಷ ಮೊದಲೇ ಬಂದಿತು. ಆದುದರಿಂದ ‘ಇಷ್ಟು ಮಂದಿಯಲ್ಲಿ ಬೇಗನೆ ಪತ್ತೆಯಾಯಿತು’ ಎಂಬುದು ಸಾಕಾದ ಪ್ರಮಾಣವಲ್ಲ. ಸಾವು ಕಡಿಮೆಯಾಯಿತೇ ಎಂದು ಕೇಳಬೇಕು.

ಮೂರನೆಯದು, ಎಂದಿಗೂ ತೊಂದರೆ ಕೊಡದಿದ್ದ ಗಂಟನ್ನು ಹುಡುಕಿ ತೆಗೆಯುವುದು. ದಕ್ಷಿಣ ಕೊರಿಯಾದಲ್ಲಿ ಕತ್ತಿನ ಸ್ಕ್ಯಾನಿಂಗ್ ವ್ಯಾಪಕವಾದ ಮೇಲೆ, 2011ರ ವೇಳೆಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣವು 1993ರಲ್ಲಿದ್ದುದಕ್ಕಿಂತ ಹದಿನೈದು ಪಟ್ಟಾಯಿತು. ಆ ರೋಗದಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲಿಯೇ ಇತ್ತು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಸ್ತ್ರೀಯರನ್ನು ಅಂಡಾಶಯದ ಕ್ಯಾನ್ಸರಿಗಾಗಿ ಸಿಎ-125 ಎಂಬ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗಿನ ಮೂಲಕ ಅಧ್ಯಯನಕ್ಕೆ ಒಳಪಡಿಸಲಾಯಿತು. 2021ರಲ್ಲಿ ಪ್ರಕಟವಾದ ಅಂತಿಮ ಫಲಿತಾಂಶದಲ್ಲಿಯೂ ಸಾವು ಕಡಿಮೆಯಾದುದು ಕಾಣಲಿಲ್ಲ. ಸಿಎ-125 ಇಂದಿಗೂ ಹಲವು ಪ್ಯಾಕೇಜುಗಳಲ್ಲಿ ಸೇರಿರುವುದನ್ನು ಓದುಗರು ಗಮನಿಸಬೇಕು.

ಕಲ್ಯಾಣದ ನೆರೆಯ ನಾಡಿನ ಸಾಕ್ಷಿ

ಹಾಗಾದರೆ ತಪಾಸಣೆಯೇ ವ್ಯರ್ಥವೇ? ಖಂಡಿತ ಅಲ್ಲ. ನಮ್ಮ ಬೀದರ್, ಕಲಬುರಗಿಗಳ ಎಲ್ಲೆಗೆ ತಾಗಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ (ಈಗ ಧಾರಾಶಿವ) ಹಳ್ಳಿಗಳಲ್ಲಿ 1999ರಿಂದ ಒಂದು ಮಹತ್ತರ ಅಧ್ಯಯನ ನಡೆಯಿತು. 30ರಿಂದ 59 ವಯಸ್ಸಿನ 1,31,746 ಸ್ತ್ರೀಯರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಗರ್ಭಕಂಠದಲ್ಲಿ ಎಚ್‌ಪಿವಿ ವೈರಾಣುವನ್ನು ಹುಡುಕುವ ಹೊಸ ಪರೀಕ್ಷೆ, ಇನ್ನೊಂದಕ್ಕೆ ಪ್ಯಾಪ್ ಪರೀಕ್ಷೆ, ಮತ್ತೊಂದಕ್ಕೆ ಅಸಿಟಿಕ್ ಆಮ್ಲ ಸವರಿ ಕಣ್ಣಿನಿಂದ ನೋಡುವ ವಿಧಾನ. ನಾಲ್ಕನೆಯದಕ್ಕೆ ಎಂದಿನ ಆರೈಕೆ. 2009ರಲ್ಲಿ ಪ್ರಕಟವಾದ ಫಲಿತಾಂಶವಿದು: ಒಮ್ಮೆ ಮಾತ್ರ ಎಚ್‌ಪಿವಿ ಪರೀಕ್ಷೆ ಮಾಡಿದ 34,126 ಮಂದಿಯ ಗುಂಪಿನಲ್ಲಿ ಎಂಟು ವರ್ಷಗಳಲ್ಲಿ 34 ಮಂದಿ ಗರ್ಭಕಂಠದ ಕ್ಯಾನ್ಸರಿನಿಂದ ಮಡಿದರು. ಎಂದಿನ ಆರೈಕೆಯ 31,488 ಮಂದಿಯ ಗುಂಪಿನಲ್ಲಿ ಮಡಿದವರು 64 ಮಂದಿ. ಸಾವು ಸರಿಸುಮಾರು ಅರ್ಧಕ್ಕಿಳಿಯಿತು. ಆ ವೈರಾಣು ಸೇರಿ ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಆ ನಡುವೆ ಕೆಟ್ಟ ಅಂಗಾಂಶವನ್ನು ಸಣ್ಣ ಚಿಕಿತ್ಸೆಯಿಂದಲೇ ತೆಗೆಯಬಹುದು. ಕಾಂಡಕೊರಕದ ಮೂರು ಕಾರಣಗಳೂ ಇಲ್ಲಿ ಕೂಡಿವೆ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಕೊಳಚೆ ಪ್ರದೇಶಗಳಲ್ಲಿ ಅದೇ ಆಮ್ಲದ ವಿಧಾನವನ್ನು ತರಬೇತಿ ಪಡೆದ ಕಾರ್ಯಕರ್ತೆಯರಿಂದ ಎರಡೆರಡು ವರ್ಷಗಳಿಗೊಮ್ಮೆ ಮಾಡಿಸಿ, ಗರ್ಭಕಂಠದ ಕ್ಯಾನ್ಸರಿನ ಸಾವನ್ನು ಶೇಕಡಾ 31ರಷ್ಟು ತಗ್ಗಿಸಿದರು. ಕೈಯಿಂದ ಸ್ತನವನ್ನು ಪರೀಕ್ಷಿಸುವ ಕ್ರಮದಿಂದ 50 ಮೀರಿದ ಸ್ತ್ರೀಯರಲ್ಲಿ ಸ್ತನದ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30ರಷ್ಟು ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ. ತಿರುವನಂತಪುರ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಬಾಯಿಯನ್ನು ನೋಡಿದ ಅಧ್ಯಯನವು, ಹೊಗೆಸೊಪ್ಪು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೆಯ ಒಂದು ಭಾಗದಷ್ಟು ಇಳಿದುದನ್ನು 2005ರಲ್ಲಿ ತೋರಿಸಿತು. ಊಟವಾದೊಡನೆ ಎಲೆಅಡಿಕೆಗೆ ಕಡ್ಡಿಪುಡಿ ಸೇರಿಸುವ ನಮ್ಮ ಹಿರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ರಕ್ತಪರೀಕ್ಷೆಯ ಮಾತು

ಇನ್ನು ಹಲವು ಕ್ಯಾನ್ಸರುಗಳನ್ನು ಒಮ್ಮೆಗೇ ಹುಡುಕುವ ರಕ್ತಪರೀಕ್ಷೆ. ಅರ್ಬುದದ ಕೋಶಗಳಿಂದ ರಕ್ತಕ್ಕೆ ಸೇರುವ ಡಿಎನ್‌ಎ ತುಣುಕುಗಳನ್ನು ಗುರುತಿಸುವುದು ಅದರ ಕ್ರಮ. ಅಮೆರಿಕದ ಗ್ಯಾಲರಿ ಎಂಬ ಪರೀಕ್ಷೆಯನ್ನು 50 ಮೀರಿದ 6,621 ಮಂದಿಯಲ್ಲಿ ನಡೆಸಿ 2023ರಲ್ಲಿ ವರದಿ ಪ್ರಕಟಿಸಿದರು. 92 ಮಂದಿಗೆ ‘ಸುಳಿವಿದೆ’ ಎಂದು ಬಂದಿತು. ಅವರಲ್ಲಿ 35 ಮಂದಿಗೆ ರೋಗವಿತ್ತು, 57 ಮಂದಿಗೆ ಇರಲಿಲ್ಲ. ಒಂದು ವರ್ಷದೊಳಗೆ ಒಟ್ಟು 121 ಮಂದಿಯಲ್ಲಿ ಕ್ಯಾನ್ಸರ್ ಕಂಡುಬಂದುದರಿಂದ, 86 ಮಂದಿಯ ರೋಗ ಆ ಪರೀಕ್ಷೆಗೆ ಗೋಚರಿಸಲಿಲ್ಲವೆಂದಾಯಿತು. ಇದು ಹೀನಾಯವಾದ ವಿದ್ಯೆಯಲ್ಲ, ಬೆಳೆಯುತ್ತಿರುವ ವಿದ್ಯೆ. ಆದರೆ ಪ್ರಾಣ ಉಳಿಸಿದುದಕ್ಕೆ ಉಸ್ಮಾನಾಬಾದಿನಲ್ಲಿ ದೊರೆತಂಥ ಪ್ರಮಾಣವನ್ನು ಈ ವರದಿ ಕೊಡುವುದಿಲ್ಲ. ಇಂಥ ಪರೀಕ್ಷೆ ‘ಇಲ್ಲ’ವೆಂದಿತೆಂದು ಬಾಯಿ, ಸ್ತನ, ಗರ್ಭಕಂಠಗಳ ತಪಾಸಣೆಯನ್ನು ಬಿಡುವುದು ಅಪಾಯಕರ.

ಮನೆಯವರು ಮಾಡಬೇಕಾದುದು

ಯಾವ ಪರೀಕ್ಷೆಗಾದರೂ ಹಣ ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ. ಇದರಿಂದ ಸಾವು ಕಡಿಮೆಯಾದುದು ಸಿದ್ಧವಾಗಿದೆಯೇ? ‘ಇದೆ’ ಎಂದು ಬಂದರೆ ಮುಂದಿನ ಪರೀಕ್ಷೆ ಯಾವುದು, ಎಲ್ಲಿ? ಆ ವೆಚ್ಚವನ್ನೂ ಓಡಾಟವನ್ನೂ ನಾವು ತಾಳಬಲ್ಲೆವೇ? ಬೇಲೂರಿನಿಂದ ಹಾಸನ ಸುಮಾರು 40 ಕಿಲೋಮೀಟರ್. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾದರೆ ಇನ್ನೂರಕ್ಕೂ ಹೆಚ್ಚು. ತಪಾಸಣೆಯ ಚೀಟಿ ಹಿಡಿದು ಮುಂದೆ ಹೋಗಲಾರದವರಿಗೆ ತಪಾಸಣೆಯಿಂದ ಫಲವಿಲ್ಲ.

ಕೇಂದ್ರ ಸರ್ಕಾರವು 2016ರಲ್ಲಿ ರೂಪಿಸಿದ ಕ್ರಮದಂತೆ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠಗಳ ತಪಾಸಣೆ ಐದು ವರ್ಷಗಳಿಗೊಮ್ಮೆ ನಡೆಯಬೇಕು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಎಂದಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡಿದ್ದ 30ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಕೊರತೆಯಿರುವುದು ಹೊಸ ಯಂತ್ರದ್ದಲ್ಲ, ಸಂಕೋಚವನ್ನು ನೀಗುವ ಮಾತಿನದು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಅತ್ತೆಯಾದವಳು ‘ನಮ್ಮ ಮನೆಯಲ್ಲಿ ಅಂಥದೇನೂ ಇಲ್ಲ’ ಎಂದು ಕಳುಹಿಸದೆ, ತಾನೇ ಮೊದಲು ಹೊರಟು ಸೊಸೆಯನ್ನೂ ಕರೆದೊಯ್ಯಲಿ. ಜಾತ್ರೆ, ಶರಣರ ಜಯಂತಿಗಳಂದು ಏರ್ಪಡುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ಮಹಿಳಾ ವೈದ್ಯರಿಂದ ಈ ತಪಾಸಣೆಗೂ ಮರೆಯಾದ ಕೋಣೆಯೊಂದನ್ನು ಒದಗಿಸಲಿ. ಮಗನು ಕಾಣಿಕೆ ಕೊಡಲೇಬೇಕೆಂದಿದ್ದರೆ ಪ್ಯಾಕೇಜಿನ ಬದಲು ಎರಡು ದಿನದ ರಜೆ ಹಾಕಿ ಬಂದು, ತಾಯಿಯನ್ನು ಎಚ್‌ಪಿವಿ ಪರೀಕ್ಷೆಗೂ ಸ್ತನ ಪರೀಕ್ಷೆಗೂ, ಹೊಗೆಸೊಪ್ಪು ಹಾಕುವ ತಂದೆಯನ್ನು ದಂತವೈದ್ಯರಲ್ಲಿಗೂ ಕರೆದೊಯ್ಯಲಿ. ಫಲಿತಾಂಶದ ಚೀಟಿಯನ್ನು ತಾನೇ ಓದಿ, ಮುಂದಿನ ಹೆಜ್ಜೆಯವರೆಗೂ ಅವರೊಡನಿರಲಿ.