ಮಾರಿಯೋಗೆ ಬೇಕು ಡಬ್ಬಾ ಟಿವಿ

ಗೋಡೆಗೆ ತೂಗುಹಾಕಿದ 55 ಇಂಚಿನ ಎಲ್‌ಇಡಿ ಟಿವಿಗೆ 1984ರ ‘ಡಕ್ ಹಂಟ್’ ಆಟವನ್ನು ಜೋಡಿಸಿ, ಪ್ಲಾಸ್ಟಿಕ್ ಗನ್ ಹಿಡಿದು ಎಷ್ಟೇ ಗುರಿಯಿಟ್ಟು ಹೊಡೆಯಿರಿ, ಒಂದು ಬಾತುಕೋಳಿಯೂ ಬೀಳುವುದಿಲ್ಲ. ಗನ್ ಕೆಟ್ಟಿಲ್ಲ, ನಿಮ್ಮ ಕೈಯೂ ನಡುಗಿಲ್ಲ. ಟ್ರಿಗರ್ ಒತ್ತಿದೊಡನೆ ಆಟ ಪರದೆಯನ್ನು ಪೂರ್ತಿ ಕಪ್ಪಾಗಿಸಿ, ಮರುಗಳಿಗೆಯಲ್ಲೇ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕವೊಂದನ್ನು ಮೂಡಿಸುತ್ತದೆ. ಗನ್ನಿನ ಮೂತಿಯೊಳಗಿನ ಸೆನ್ಸರ್‌ಗೆ ಆ ಬಿಳಿ ಕಂಡರೆ ಗುರಿ ತಾಗಿತೆಂದು ಲೆಕ್ಕ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕು. ಹೊಸ ಟಿವಿಯಾದರೋ ಬಂದ ಚಿತ್ರವನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಹಿಗ್ಗಿಸಿ, ತಿದ್ದಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಆಟ ‘ಗುರಿ ತಪ್ಪಿತು’ ಎಂದು ತೀರ್ಪು ಕೊಟ್ಟಾಗಿರುತ್ತದೆ.

ಹಳೆಯ ವಿಡಿಯೋ ಗೇಮ್ ಪ್ರಿಯರು ಪಿಕ್ಚರ್ ಟ್ಯೂಬಿನ ಟಿವಿಗಳನ್ನು ಮತ್ತೆ ಹುಡುಕುತ್ತಿರುವುದಕ್ಕೆ ಇದು ಒಂದು ಕಾರಣ. 2001ರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ ಆಟದ ಪಂದ್ಯಾವಳಿಗಳಿಗೆ ಅಮೆರಿಕದಲ್ಲಿ ಇಂದಿಗೂ ಡಬ್ಬಾ ಟಿವಿಗಳನ್ನು ಹೊತ್ತು ತರುತ್ತಾರೆ. ಗುಂಡಿ ಒತ್ತಿದ್ದಕ್ಕೂ ಪಾತ್ರ ಕದಲಿದ್ದಕ್ಕೂ ನಡುವೆ ಟಿವಿ ತನ್ನದೊಂದು ವಿಳಂಬ ಸೇರಿಸಬಾರದು ಎಂಬುದು ಅವರ ಹಟ. ಇಂಥ ಟಿವಿಯನ್ನು ಆರಿಸುವಾಗ ಹೆಚ್ಚಿನವರು ಬ್ರ್ಯಾಂಡಿನ ಹಿಂದೆ ಬೀಳುತ್ತಾರೆ. ನೋಡಬೇಕಾದದ್ದು ಕೈಯಲ್ಲಿರುವ ಗೇಮ್ ಯಂತ್ರವನ್ನು.

ಗೆರೆಗಳ ನಡುವಿನ ಕತ್ತಲು

ಪಿಕ್ಚರ್ ಟ್ಯೂಬಿನ ಹಿಂಬದಿಯಿಂದ ಹೊರಡುವ ಎಲೆಕ್ಟ್ರಾನ್ ಕಿರಣಗಳು ಗಾಜಿನ ಒಳಮೈಗೆ ಬಳಿದ ಕೆಂಪು, ಹಸಿರು, ನೀಲಿ ಫಾಸ್ಫರ್‌ಗಳನ್ನು ಬೆಳಗಿಸುತ್ತ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಎಳೆಯುತ್ತವೆ. ಟಿವಿ ಕಾರ್ಯಕ್ರಮಗಳು ಒಂದು ಸಲ ಬೆಸ ಗೆರೆಗಳನ್ನು, ಇನ್ನೊಂದು ಸಲ ಸಮ ಗೆರೆಗಳನ್ನು ಬಿಡಿಸಿ ಚಿತ್ರ ಪೂರ್ತಿ ಮಾಡುತ್ತವೆ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್ ಮತ್ತು ಅದರ ಕಾಲದ ಯಂತ್ರಗಳು ಪ್ರತಿ ಸಲವೂ ಅದೇ ಗೆರೆಗಳ ಮೇಲೆ ಬಿಡಿಸುತ್ತಿದ್ದವು. ಫ್ಯಾಮಿಕಾಮ್‌ನ ಚಿತ್ರವೇ 256 ಚುಕ್ಕೆ ಅಗಲ, 240 ಗೆರೆ ಎತ್ತರದ್ದು. ಹೀಗಾಗಿ ಎರಡು ಗೆರೆಗಳ ನಡುವೆ ತೆಳ್ಳನೆಯ ಕತ್ತಲು ಉಳಿಯುತ್ತದೆ. ಎಲ್‌ಇಡಿಯಲ್ಲಿ ಇಟ್ಟಿಗೆ ಜೋಡಿಸಿದಂತೆ ಒರಟಾಗಿ ಕಾಣುವ ಮಾರಿಯೋನ ಮೀಸೆ ಹಳೆ ಟಿವಿಯಲ್ಲಿ ಮೀಸೆಯಾಗಿಯೇ ಕಾಣುವುದು ಈ ಕತ್ತಲಿನಿಂದ, ಟ್ಯೂಬಿನ ಮೃದುತನದಿಂದ.

ಆಟದ ಚಿತ್ರಕಾರರು ಈ ಗುಣವನ್ನು ಬೇಕೆಂದೇ ಬಳಸಿಕೊಂಡರು. 1991ರ ‘ಸೋನಿಕ್ ದ ಹೆಡ್ಜ್‌ಹಾಗ್’ನ ಮೊದಲ ಹಂತದಲ್ಲಿ ಜಲಪಾತಗಳಿವೆ. ಅವು ನಿಜಕ್ಕೂ ಒಂದು ಬಿಟ್ಟು ಒಂದು ಎಳೆದ ಉದ್ದುದ್ದ ಪಟ್ಟಿಗಳು. ಹಳದಿ ಪಿನ್ನಿನ ಸಾಮಾನ್ಯ ಎವಿ ಕೇಬಲ್ಲಿನಲ್ಲಿ ಬಂದಾಗ ಪಟ್ಟಿಗಳು ಒಂದರೊಳಗೊಂದು ಕರಗಿ, ಹಿಂದಿನ ಬಂಡೆ ಕಾಣುವಷ್ಟು ತಿಳಿಯಾದ ನೀರಾಗುತ್ತವೆ.

ಮೊದಲು ಯಂತ್ರ, ಆಮೇಲೆ ಟಿವಿ

ಭಾರತದ್ದು ಪಾಲ್ ಪದ್ಧತಿ: 625 ಗೆರೆ, ಸೆಕೆಂಡಿಗೆ 50 ಸಲ. ಜಪಾನ್, ಅಮೆರಿಕಗಳದ್ದು ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ 60 ಸಲ. 60ಕ್ಕೆ ಬರೆದ ಆಟವನ್ನು ತಿದ್ದದೆ 50ರಲ್ಲಿ ಓಡಿಸಿದರೆ ಆರರಲ್ಲೊಂದು ಭಾಗ ವೇಗ ಕಡಿಮೆಯಾಗುತ್ತದೆ, ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿಯೂ ಬರುತ್ತದೆ. ಪಾಲ್ ಯಂತ್ರದಲ್ಲಿ ಸೋನಿಕ್‌ನ ಓಟವೂ ನಿಧಾನ, ಹಿನ್ನೆಲೆ ಸಂಗೀತವೂ ನಿಧಾನ.

ನಮ್ಮ ಮನೆಗಳಿಗೆ 90ರ ದಶಕದಲ್ಲಿ ಬಂದ ‘ಟಿವಿ ಗೇಮ್’ಗಳಲ್ಲಿ ಹೆಚ್ಚಿನವು ಫ್ಯಾಮಿಕಾಮ್‌ನ ನಕಲುಗಳು. ಅದೇ ದಶಕದ ನಡುವೆ ಶಾ ವ್ಯಾಲೇಸ್ ಕಂಪನಿ ಸೆಗಾ ಯಂತ್ರಗಳನ್ನು ಇಲ್ಲಿ ಮಾರಿತ್ತು. ಅಟ್ಟದ ಮೇಲೆ ಇಂಥದೊಂದು ಯಂತ್ರ, ನಾವು ‘ಕ್ಯಾಸೆಟ್’ ಎನ್ನುತ್ತಿದ್ದ ನಾಲ್ಕು ಡಬ್ಬಿಗಳ ಜೊತೆ ಸಿಕ್ಕಿದರೆ, ಆಂಟೆನಾ ಸಾಕೆಟ್ಟೋ ಎವಿ ಪಿನ್ನೋ ಇರುವ ಯಾವ ಕಲರ್ ಟಿವಿಯೂ ನಡೆದೀತು. ವಿದೇಶದಿಂದ ತರಿಸಿದ ಜಪಾನಿ ಅಥವಾ ಅಮೆರಿಕನ್ ಯಂತ್ರವಾದರೆ ಟಿವಿಯ ಹಿಂದಿನ ಚೀಟಿಯನ್ನೂ ಮೆನುವನ್ನೂ ನೋಡಿ. ಎನ್‌ಟಿಎಸ್‌ಸಿ ಎಂದಿದ್ದರೆ ಸರಿ. ಪಾಲ್ ಒಂದನ್ನೇ ಬಲ್ಲ ಹಳೆ ಸೆಟ್‌ನಲ್ಲಿ ಚಿತ್ರ ಕಪ್ಪು ಬಿಳುಪಾಗುತ್ತದೆ, ಇಲ್ಲವೇ ಮೇಲಿಂದ ಕೆಳಗೆ ಉರುಳುತ್ತಲೇ ಇರುತ್ತದೆ. ಪ್ಲೇಸ್ಟೇಷನ್ 2ರಂಥ ಈಚಿನ ಯಂತ್ರಕ್ಕೆ, ಡಿವಿಡಿಗೆಂದು ಹಸಿರು, ನೀಲಿ, ಕೆಂಪು ಪಿನ್ ಕೊಟ್ಟ ಕೊನೆಯ ಕಾಲದ ಸೆಟ್‌ಗಳು ಚೆನ್ನ.

ಅಳತೆಯಲ್ಲಿ 20–21 ಇಂಚು ಹದವಾದದ್ದು. 14 ಇಂಚಿನದು ಮೇಜಿನ ಮೇಲೆ ಒಬ್ಬರೇ ಆಡಲು ಸೊಗಸು. ನಾಲ್ಕು ಜನ ಕೂತು ಆಡುವುದಕ್ಕೆ 29 ಇಂಚು ಚೆಂದವೇ, ಆದರೆ ಮಹಡಿ ಹತ್ತಿಸಲು ಇಬ್ಬರು ಬೇಕು. ಭಾರವೆಲ್ಲ ಮುಂದಿನ ಗಾಜಿನಲ್ಲಿರುವುದರಿಂದ ಪರದೆಯನ್ನು ಎದೆಗೆ ಆನಿಸಿಕೊಂಡೇ ಎತ್ತಬೇಕು.

ಹೆಸರಿನ ಮೋಹ

ಸೋನಿ 1968ರಲ್ಲಿ ತಂದ ಟ್ರಿನಿಟ್ರಾನ್‌ಗೆ ಈ ವಲಯದಲ್ಲಿ ವಿಶೇಷ ಮರ್ಯಾದೆ. ಬೇರೆ ಟ್ಯೂಬುಗಳಲ್ಲಿ ಗಾಜಿನ ಹಿಂದೆ ತೂತುಗಳಿರುವ ಲೋಹದ ಹಾಳೆ ಇದ್ದರೆ, ಇದರಲ್ಲಿ ಮೇಲಿಂದ ಕೆಳಗೆ ಬಿಗಿದ ತೆಳುವಾದ ಲೋಹದ ಎಳೆಗಳು. ಬೆಳಕು ಹೆಚ್ಚು ದಾಟುತ್ತದೆ, ಬಣ್ಣ ಉಜ್ವಲ. ಎಳೆಗಳು ಅಲುಗದಂತೆ ಅಡ್ಡಕ್ಕೆ ಒಂದೋ ಎರಡೋ ತಂತಿ ಹಾಕಿರುತ್ತಾರೆ. ಬಿಳಿ ಪರದೆಯಲ್ಲಿ ಅದರ ನೆರಳು ಕೂದಲೆಳೆಯಂತೆ ಕಂಡರೆ ಟ್ಯೂಬ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಇದಕ್ಕೂ ಮೇಲಿನ ಗೀಳು ಸ್ಟುಡಿಯೋಗಳಲ್ಲಿ, ಆಸ್ಪತ್ರೆಗಳಲ್ಲಿ ಬಳಸುತ್ತಿದ್ದ ಸೋನಿ ಪಿವಿಎಂ, ಬಿವಿಎಂ ಮಾನಿಟರುಗಳದ್ದು. ಸೋನಿ ತಯಾರಿಸಿದ 43 ಇಂಚಿನ, ಹತ್ತಿರ ಹತ್ತಿರ 200 ಕಿಲೋ ತೂಕದ ದೈತ್ಯ ಟಿವಿಯೊಂದು ಒಸಾಕಾದ ಸೋಬಾ ನೂಡಲ್ಸ್ ಹೋಟೆಲಿನ ಮಹಡಿಯಲ್ಲಿ ಇರುವುದು ತಿಳಿದು, ಕಟ್ಟಡ ಕೆಡವುವ ಮೊದಲೇ ಅದನ್ನು ಇಳಿಸಿ ಅಮೆರಿಕಕ್ಕೆ ಸಾಗಿಸಿದ ಸಾಹಸದ ವಿಡಿಯೋವನ್ನು 2024ರಲ್ಲಿ ಲಕ್ಷಾಂತರ ಜನ ನೋಡಿದರು. ಸ್ಟುಡಿಯೋ ಮಾನಿಟರಿನಲ್ಲಿ ಚಿತ್ರ ಚೂಪಾಗಿ, ಗೆರೆ ಗೆರೆಯಾಗಿ ಬರುವುದು ನಿಜ. ಆದರೆ ಮೂರು ಬಣ್ಣವೂ ಬೇರೆ ಬೇರೆ ತಂತಿಯಲ್ಲಿ ಬರುವ ಆ ಜೋಡಣೆಯಲ್ಲಿ ಸೋನಿಕ್‌ನ ಜಲಪಾತ ಮತ್ತೆ ಬರೀ ಪಟ್ಟಿಗಳಾಗಿಬಿಡುತ್ತದೆ. ದುಬಾರಿ ಪರದೆ ಸೋಲುವ ಕಡೆ ಅತ್ತೆಮನೆಯ ಬಿಪಿಎಲ್ ಗೆಲ್ಲುತ್ತದೆ.

ಬೆಂಗಳೂರಿನ ಬಿಪಿಎಲ್ ಆಗಲಿ, ಒನಿಡಾ, ವಿಡಿಯೋಕಾನ್ ಆಗಲಿ, ಮುಂದಿನ ಹೆಸರಿಗಿಂತ ಒಳಗಿನ ಟ್ಯೂಬಿನ ಸ್ಥಿತಿ ಮುಖ್ಯ. ತಪ್ಪಿಸಬೇಕಾದವು ಕೆಲವಿವೆ. ‘100 ಹರ್ಟ್ಸ್’ ಎಂದು ಬರೆದ ಸೆಟ್‌ಗಳು ಟ್ಯೂಬಿನವೇ ಆದರೂ ಚಿತ್ರವನ್ನು ಡಿಜಿಟಲ್ ಆಗಿ ತಿದ್ದಿಯೇ ತೋರಿಸುತ್ತವೆ. ಅಲ್ಲಿಯೂ ಬಾತುಕೋಳಿ ಬೀಳದು. 2005ರ ಸುಮಾರಿಗೆ ಬಂದ ‘ಸ್ಲಿಮ್’ ಸೆಟ್‌ಗಳಲ್ಲಿ ಹೊಟ್ಟೆ ಕರಗಿಸಲು ಕಿರಣವನ್ನು ತೀರಾ ಓರೆಯಾಗಿ ಬಾಗಿಸಿರುವುದರಿಂದ ಅಂಚುಗಳಲ್ಲಿ ಗೆರೆ ಸೊಟ್ಟಗಾಗುವುದು ಜಾಸ್ತಿ. ಪೂರ್ತಿ ಚಪ್ಪಟೆ ಗಾಜಿನ ಸೆಟ್‌ಗಳಿಗೂ ಈ ಕಾಯಿಲೆ ಸ್ವಲ್ಪ ಇದೆ. ಕೊಂಚ ಉಬ್ಬಿದ ಗಾಜನ್ನು ಹಳತೆಂದು ತಳ್ಳಿಹಾಕಬೇಡಿ.

ಅಂಗಡಿಯಲ್ಲಿ ಅರ್ಧ ಗಂಟೆ

ಸೆಕೆಂಡ್‌ಹ್ಯಾಂಡ್ ಅಂಗಡಿಗಾಗಲಿ ಗುಜರಿಗಾಗಲಿ ಹೋಗುವಾಗ ಗೇಮ್ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಟಿವಿ ಹಚ್ಚಿ ಅರ್ಧ ಗಂಟೆ ಬಿಡಿ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದಂತೆ ಮಂಕಾಗುವ, ಕುಗ್ಗುವ ಸೆಟ್‌ಗಳಿವೆ. ಚಿತ್ರ ಮೂಡಲು ಬಹಳ ಹೊತ್ತಾದರೆ, ಬೆಳಕು ಹೆಚ್ಚಿಸಿದಷ್ಟೂ ಮಸುಕಾದರೆ ಟ್ಯೂಬ್ ಸೋತಿದೆ; ಅದನ್ನು ಬಿಟ್ಟುಬಿಡಿ.

ಬಿಳಿ ಅಕ್ಷರಗಳ ಅಂಚಿನಲ್ಲಿ ಕೆಂಪು ನೀಲಿ ನೆರಳಿದ್ದರೆ ಮೂರು ಕಿರಣಗಳು ಒಂದೇ ಕಡೆ ಸೇರುತ್ತಿಲ್ಲ. ನಡುವಿನಲ್ಲಿ ಸರಿಯಿದ್ದು ಮೂಲೆಗಳಲ್ಲಿ ಮಾತ್ರ ತುಸು ಇದ್ದರೆ ಪರವಾಗಿಲ್ಲ. ‘ಮಾರಿಯೋ’ ಹಾಕಿ ಮುಂದೆ ನಡೆಸಿ. ಹಸಿರು ಕೊಳವೆಗಳು ಪರದೆಯ ಅಂಚಿಗೆ ಬರುತ್ತಿದ್ದಂತೆ ಬಾಗುತ್ತವೆಯೋ ನೋಡಿ. ಇಂಥದನ್ನು ಎಷ್ಟೋ ಸೆಟ್‌ಗಳಲ್ಲಿ ರಿಮೋಟಿನಿಂದ ಸರ್ವಿಸ್ ಮೆನುಗೆ ಹೋಗಿ ತಿದ್ದಬಹುದು. ಆದ್ದರಿಂದ ಮೂಲ ರಿಮೋಟ್ ಇದ್ದರೆ ಕೇಳಿ ಪಡೆಯಿರಿ.

ಮೂಲೆಯಲ್ಲಿ ಹಸಿರೋ ನೇರಳೆಯೋ ಕಲೆಯಿದ್ದರೆ ಹತ್ತಿರ ಸ್ಪೀಕರ್ ಇಟ್ಟು ಲೋಹದ ಹಾಳೆಗೆ ಅಯಸ್ಕಾಂತ ಗುಣ ಹತ್ತಿರಬಹುದು. ಆರಿಸಿ, ಅರ್ಧ ಗಂಟೆ ತಣ್ಣಗಾಗಲು ಬಿಟ್ಟು, ಮತ್ತೆ ಹಚ್ಚಿ. ‘ಡಂಯ್’ ಎಂಬ ಸದ್ದಿನೊಂದಿಗೆ ಒಳಗಿನ ಸುರುಳಿ ಅದನ್ನು ತೊಳೆಯುತ್ತದೆ. ಎರಡು ಮೂರು ಸಲಕ್ಕೂ ಹೋಗದ ಕಲೆ ಚೌಕಾಸಿಗೆ ಒಳ್ಳೆಯ ಕಾರಣ. ಮಕ್ಕಳನ್ನು ಜೊತೆಗೆ ಕರೆದೊಯ್ದರೆ ಅವರು ‘ಕುಂಯ್ ಅನ್ನುತ್ತೆ’ ಎಂದಾರು. ಪಾಲ್ ಸೆಟ್ ಸೆಕೆಂಡಿಗೆ 15,625 ಗೆರೆ ಎಳೆಯುವಾಗ ಹುಟ್ಟುವ ಆ ಸಣ್ಣ ದನಿ ವಯಸ್ಸಾದ ಕಿವಿಗೆ ಕೇಳಿಸುವುದಿಲ್ಲ; ಅದು ದೋಷವಲ್ಲ.

ಮೆಕ್ಯಾನಿಕ್ ಎಲ್ಲಿದ್ದಾರೆ?

ಹಿಂದಿನ ಮುಚ್ಚಳವನ್ನು ಮಾತ್ರ ನೀವು ತೆಗೆಯಬೇಡಿ. ಕಲರ್ ಟ್ಯೂಬಿನಲ್ಲಿ 20 ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಯೂಟ್ಯೂಬ್ ನೋಡಿ ಕಲಿಯುವ ಕೆಲಸ ಇದಲ್ಲ.

ಸೋನಿ ಟ್ರಿನಿಟ್ರಾನ್ ತಯಾರಿಕೆಯನ್ನು 2008ರಲ್ಲಿ ನಿಲ್ಲಿಸಿತು. ನಮ್ಮ ಕಂಪನಿಗಳೂ ಒಂದೊಂದಾಗಿ ಬಿಟ್ಟವು. ಆದರೂ ಡಬ್ಬಾ ಟಿವಿಗೆ ಇನ್ನೂ ಬರ ಬಂದಿಲ್ಲ. ಸೀಸ ಬೆರೆತ ಗಾಜಿನ ಆ ಭಾರವನ್ನು ಹೇಗೆ ಸಾಗಹಾಕುವುದೆಂದು ತಿಳಿಯದೆ ಮೂಲೆಗೆ ತಳ್ಳಿರುವ ಮನೆಗಳು ಬೇಕಾದಷ್ಟಿವೆ; ಕೇಳಿದರೆ ಪುಕ್ಕಟೆ ಕೊಟ್ಟಾರು. ಬರ ಬಂದಿರುವುದು ಡ್ರೈ ಸೋಲ್ಡರ್ (ಬಿಟ್ಟುಕೊಂಡ ಬೆಸುಗೆ) ಹುಡುಕಿ ಬೆಸೆಯಬಲ್ಲ, ಎಲ್‌ಒಟಿ (ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್) ಸುಟ್ಟರೆ ಬದಲಿ ತಂದು ಕೂರಿಸಬಲ್ಲ ಕೈಗಳಿಗೆ. ಬೆಂಗಳೂರಿನ ಎಸ್‌.ಪಿ. ರೋಡಿನ ಸುತ್ತಮುತ್ತಲೋ ನಿಮ್ಮೂರ ಬಸ್‌ಸ್ಟ್ಯಾಂಡ್ ಹಿಂದಿನ ರಿಪೇರಿ ಅಂಗಡಿಯಲ್ಲೋ ಅಂಥವರೊಬ್ಬರು ಇನ್ನೂ ಕೂತಿದ್ದಾರೆಯೇ, ಮೊದಲು ವಿಚಾರಿಸಿ. ಅವರು ಸಿಕ್ಕ ಮೇಲೆ ಟಿವಿ ಹುಡುಕಿದರೆ ಸಾಕು. ಯಾವುದನ್ನು ಕೊಳ್ಳಬಾರದು ಎಂಬುದನ್ನೂ ಅವರೇ ಹೇಳುತ್ತಾರೆ.