ಗುಜರಿಗೂ ಬೇಡವಾದುದರ ಬೆಲೆ

ಬಳಕೆಯ ವಸ್ತು ಯಾವ ಹಂತದಲ್ಲಿ ಕಲಾಕೃತಿಯಾಗುತ್ತದೆ? 1917ರಲ್ಲಿ ಮಾರ್ಸೆಲ್ ಡ್ಯೂಷಾಂ ಶೌಚಾಲಯದ ಪಿಂಗಾಣಿ ಬೋಗುಣಿಯೊಂದಕ್ಕೆ ಹುಸಿಹೆಸರಿನ ಸಹಿ ಹಾಕಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳುಹಿಸಿದಂದಿನಿಂದ ಈ ಜಿಜ್ಞಾಸೆ ನಡೆದೇ ಇದೆ. ವಸ್ತು ಇದ್ದಂತೆಯೇ ಇತ್ತು; ಬದಲಾದದ್ದು ಅದರ ಸ್ಥಾನ. ಅದೊಂದು ಬೌದ್ಧಿಕ ಚಮತ್ಕಾರವೇ ಸರಿ. ಆದರೆ ಚಂಡೀಗಢದ ರಾಕ್ ಗಾರ್ಡನ್ ನನಗೆ ಅದಕ್ಕಿಂತ ಹಿರಿದಾಗಿ ತೋರುತ್ತದೆ.

ಅದರ ಕರ್ತೃ ನೇಕ್ ಚಂದ್, ದೇಶವಿಭಜನೆಯಲ್ಲಿ ಹುಟ್ಟೂರನ್ನು ಕಳೆದುಕೊಂಡು ಬಂದವರು. ಲೋಕೋಪಯೋಗಿ ಇಲಾಖೆಯ ರಸ್ತೆ ಇನ್ಸ್‌ಪೆಕ್ಟರ್. ಲ ಕಾರ್ಬೂಸಿಯೆ ರೂಪಿಸಿದ ಹೊಸ ರಾಜಧಾನಿಗಾಗಿ ಹಲವು ಹಳ್ಳಿಗಳು ನೆಲಸಮವಾಗಿದ್ದವು. ಆ ಅವಶೇಷಗಳನ್ನೂ ಹೊಸ ನಗರ ಎಸೆದ ಕಸವನ್ನೂ ಅವರು 1957ರ ಸುಮಾರಿನಿಂದ ಬಿಡುವಿನ ವೇಳೆಯಲ್ಲಿ ಸೈಕಲ್ ಮೇಲೆ ಹೇರಿಕೊಂಡು ಸುಖನಾ ಸರೋವರದ ಬಳಿಯ ಕಾಡಿಗೆ ಸಾಗಿಸತೊಡಗಿದರು. ಹಳೆಯ ಸೈಕಲ್ಲಿನ ಚೌಕಟ್ಟು ಬೊಂಬೆಯ ಅಸ್ಥಿಪಂಜರವಾಯಿತು, ಸಿಮೆಂಟು ಅದರ ಮೈಯಾಯಿತು, ಹಸಿ ಸಿಮೆಂಟಿಗೆ ಒತ್ತಿದ ಬಳೆಚೂರು ಉಡುಗೆಯಾಯಿತು. ಡಾಂಬರಿನ ಖಾಲಿ ಡ್ರಮ್ಮುಗಳು ಗೋಡೆಗಳಾದವು. ಬಳಸಿ ಬಿಸುಟ ಸರಕಿಗೆ ಅರ್ಥಶಾಸ್ತ್ರ ಗುಜರಿ ಬೆಲೆಯನ್ನಾದರೂ ಕಟ್ಟುತ್ತದೆ. ಒಡೆದ ಬಳೆಗೆ ಅದೂ ಇಲ್ಲ. ಅಂಥ ಚೂರುಗಳನ್ನು ತೊಟ್ಟ ನೂರಾರು ಹೆಂಗಸರು ಅಲ್ಲಿ ಸಾಲಾಗಿ ನಿಂತಿದ್ದಾರೆ. ಅಳಿದ ಹಳ್ಳಿಗಳ ಜನ ಮರಳಿ ಬಂದು ಯೋಜಿತ ನಗರದ ಅಂಚಿನಲ್ಲಿ ಕಾದಿರುವರೇನೋ ಎನಿಸುತ್ತದೆ.

ಇದೆಲ್ಲ ಶುದ್ಧ ಅಕ್ರಮ. ಕಟ್ಟಡ ನಿಷೇಧಿಸಿದ ಸರ್ಕಾರಿ ಜಾಗ, ಅನುಮತಿಯಿಲ್ಲ, ಕಟ್ಟಿದವನು ಸರ್ಕಾರಿ ನೌಕರ. 1970ರ ದಶಕದಲ್ಲಿ ಸಂಗತಿ ಬಯಲಾದಾಗ ಕೆಡವಲು ಒಂದು ಆದೇಶ ಸಾಕಿತ್ತು. ಅಂಥ ಆದೇಶ ಬರೆಯುವುದು ಎಷ್ಟು ಸುಲಭವೆಂದು ಕಡತಗಳ ನಡುವೆ ಬಾಳಿದ ನಾನು ಬಲ್ಲೆ. ಆದರೆ ಆಡಳಿತವು 1976ರಲ್ಲಿ ಉದ್ಯಾನವನ್ನು ಸಾರ್ವಜನಿಕರಿಗೆ ತೆರೆಯಿತು. ನೇಕ್ ಚಂದರಿಗೆ ಸಂಬಳವನ್ನೂ 50 ಮಂದಿ ಕೂಲಿಯಾಳುಗಳನ್ನೂ ಒದಗಿಸಿತು. ಹುದ್ದೆಯ ಹೆಸರು ಉಪವಿಭಾಗೀಯ ಎಂಜಿನಿಯರ್! ಶಿಲ್ಪಿ ಎಂಬ ಪದ ನಮ್ಮ ಕಚೇರಿಗಳ ಬಾಯಿಗೆ ಸುಲಭವಾಗಿ ಬಾರದು. 1984ರಲ್ಲಿ ಪದ್ಮಶ್ರೀ ಬಂತು. 2015ರಲ್ಲಿ ಅವರು ತೀರಿಕೊಂಡರು.

ಅವರು ತೀರಿಕೊಂಡ ಹತ್ತು ವರ್ಷಕ್ಕೆ, 2025ರ ಆರಂಭದಲ್ಲಿ, ನೆರೆಯ ಹೈಕೋರ್ಟಿಗೆ ಬರುವ ವಾಹನಗಳ ನಿಲುಗಡೆ ಮತ್ತು ರಸ್ತೆ ವಿಸ್ತರಣೆಗಾಗಿ ಉದ್ಯಾನದ ಗೋಡೆಯ ಒಂದು ಭಾಗವನ್ನು ಕೆಡವಲಾಯಿತು. ನಾಗರಿಕರು ಪ್ರತಿಭಟಿಸಿದರು. ವಾಹನ ನಿಲ್ಲಿಸಲು ಬೇರೆ ಜಾಗ ಹುಡುಕಬಹುದು, ಬಸ್ಸು ಹೆಚ್ಚಿಸಬಹುದು. ಈ ಬಾರಿ ಕಾನೂನಿನ ಅಡ್ಡಿ ಇರಲಿಲ್ಲ, ಆದೇಶಗಳೆಲ್ಲ ಕ್ರಮಬದ್ಧವಾಗಿಯೇ ಇದ್ದವು.