ಎರಡು ಚುಕ್ಕಿಗಳ ನಡುವೆ

ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತದೆ. ಕುಳಿತು ನೋಡುವವರಲ್ಲಿ ಹೆಚ್ಚಿನವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಹಿಂದಿನ ಪ್ರೊಜೆಕ್ಟರ್ ಕೋಣೆಯಲ್ಲಿ ನಿಂತ ವಿದ್ಯಾರ್ಥಿಗೆ ಮಾತ್ರ ಅದು ಅಪ್ಪಣೆ: ಎರಡನೆಯ ಯಂತ್ರದ ಮೋಟಾರು ಶುರುಮಾಡು! ಏಳೆಂಟು ಸೆಕೆಂಡಿಗೆ ಮತ್ತೊಂದು ಚುಕ್ಕಿ. ಆ ಗಳಿಗೆಯಲ್ಲಿ ಒಂದು ಯಂತ್ರದ ಬೆಳಕನ್ನು ಮುಚ್ಚಿ ಇನ್ನೊಂದರದ್ದನ್ನು ತೆರೆಯಬೇಕು. ಕೈ ತಪ್ಪಿತೋ, ಸಭಾಂಗಣದ ತುಂಬ ಗುಸುಗುಸು. ಸರಿಹೋಯಿತೋ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈ ಕೆಲಸಕ್ಕೆ ಸಿಗುವ ಶಹಬ್ಬಾಸ್‌ಗಿರಿ ಅಷ್ಟೇ.

ಇದು ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚಿತ್ರಸಮಾಜ ‘ಡಾಕ್ ಫಿಲ್ಮ್ಸ್’. ಮ್ಯಾನೇಜರು, ಟಿಕೆಟ್ ಕೊಡುವವರು, ಪ್ರೊಜೆಕ್ಟರ್ ನಡೆಸುವವರು ಎಲ್ಲರೂ ಸ್ವಯಂಸೇವಕರು, ಬಹುಪಾಲು ವಿದ್ಯಾರ್ಥಿಗಳು. 1916ರಲ್ಲಿ ವಿದ್ಯಾರ್ಥಿನಿಯರಿಗಾಗಿ ಕಟ್ಟಿದ ಐಡಾ ನೋಯ್ಸ್ ಹಾಲ್ ಎಂಬ ಹಳೆಯ ಕಟ್ಟಡದಲ್ಲಿ ಇವರ ಚಿತ್ರಮಂದಿರ. ಕಂಪ್ಯೂಟರ್ ಉದ್ಯಮದಲ್ಲಿ ಹಣ ಮಾಡಿದ ಹಳೆಯ ವಿದ್ಯಾರ್ಥಿ ಮ್ಯಾಕ್ಸ್ ಪಲೆವ್‌ಸ್ಕಿಯ ಹೆಸರು ಆ ಮಂದಿರಕ್ಕಿದೆ. ತರಗತಿಗಳು ನಡೆಯುವ ದಿನಗಳಲ್ಲಿ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಆಟವುಂಟು. ಟಿಕೆಟ್ ಕೊಂಡರೆ ಊರಿನವರೂ ಬಂದು ಕೂರಬಹುದು.

ಸಂಘದ ಬೇರು ಇರುವುದು 1930ರ ದಶಕದಲ್ಲಿ, ವಿದೇಶಿ ವಿದ್ಯಾರ್ಥಿಗಳು ಸೇರುತ್ತಿದ್ದ ಇಂಟರ್‌ನ್ಯಾಷನಲ್ ಹೌಸಿನಲ್ಲಿ. 1940ರಲ್ಲಿ ‘ಡಾಕ್ಯುಮೆಂಟರಿ ಫಿಲ್ಮ್ ಗ್ರೂಪ್’ ಎಂಬ ಹೆಸರು ಬಂತು. ಕಾಲವನ್ನು ಅದು ಇದ್ದಂತೆಯೇ ತೋರಿಸುವ ಸಾಕ್ಷ್ಯಚಿತ್ರಗಳೇ ಆಗಿನ ಹುಡುಗರ ಹಂಬಲ. ಬರೀ ಸಾಕ್ಷ್ಯಚಿತ್ರಕ್ಕೆ ಗಂಟುಬಿದ್ದರೆ ಸಂಘ ಹೆಚ್ಚು ದೂರ ಸಾಗುತ್ತಿರಲಿಲ್ಲವೇನೋ. ಕೆಲವೇ ವರ್ಷಗಳಲ್ಲಿ ಕಥಾಚಿತ್ರಗಳೂ ಒಳಬಂದವು. ಹೆಸರಿನ ತುಂಡು ‘ಡಾಕ್’ ಮಾತ್ರ ಹಾಗೇ ಉಳಿಯಿತು. ಇಷ್ಟು ಕಾಲ ನಡೆದುಬಂದ ವಿದ್ಯಾರ್ಥಿ ಚಿತ್ರಸಮಾಜ ಅಮೆರಿಕದಲ್ಲಿ ಬೇರೊಂದಿಲ್ಲ ಎಂಬುದು ಇವರ ಹೆಮ್ಮೆ.

ನಾಲ್ಕು ವರ್ಷಕ್ಕೊಮ್ಮೆ ಸದಸ್ಯರೆಲ್ಲ ಪದವಿ ಹಿಡಿದು ಹೊರಟುಹೋಗುವ ಸಂಘವೊಂದು ಎಂಬತ್ತು ವರ್ಷ ಬಾಳಿದ್ದು ಹೇಗೆ? ಒಂದು ಉತ್ತರ, ಅಲ್ಲಿನ ಜಗಳ. ವಾರದ ಒಂದೊಂದು ರಾತ್ರಿಗೆ ಒಂದೊಂದು ಸರಣಿ: ಒಬ್ಬ ನಿರ್ದೇಶಕ, ಒಂದು ದೇಶ, ಒಬ್ಬ ನಟಿ, ಇಲ್ಲವೇ ಯಾರ ತಲೆಯಲ್ಲೋ ಹೊಳೆದ ವಿಚಿತ್ರ ವಿಷಯ. ಸರಣಿಯನ್ನು ಸ್ವಯಂಸೇವಕರೇ ಸೂಚಿಸಬೇಕು, ಸಭೆಯಲ್ಲಿ ಅದರ ಪರವಾಗಿ ವಾದಿಸಬೇಕು. ತನಗೆ ಇಷ್ಟವಾದ ಸಿನಿಮಾ ಉಳಿದವರಿಗೂ ಯಾಕೆ ಬೇಕೆಂದು ಹತ್ತು ಜನರೆದುರು ನಿಂತು ಹೇಳುವುದು ಪರೀಕ್ಷೆ ಬರೆದಷ್ಟು ಸುಲಭವಲ್ಲ. ಸಿನಿಮಾ ಮಾಡುವ ಹುಚ್ಚಿನವರಿಗೆ ಕ್ಯಾಂಪಸ್ಸಿನಲ್ಲಿ ‘ಫೈರ್ ಎಸ್ಕೇಪ್’ ಎಂಬ ಬೇರೆಯೇ ಗುಂಪಿದೆ. ಡಾಕ್ ನೋಡುವವರದು, ತೋರಿಸುವವರದು.

ಆ ಜಗಳದಲ್ಲೇ ಪಳಗಿದವರು ಡೇವ್ ಕೆರ್. ಅವರು ಓದುತ್ತಿದ್ದಾಗ ಅಲ್ಲಿ ಸಿನಿಮಾ ಅಧ್ಯಯನದ ಪಠ್ಯಕ್ರಮವೇ ಇರಲಿಲ್ಲ. ಡಾಕ್‌ನ ಅಧ್ಯಕ್ಷರಾಗಿ ಚಿತ್ರ ಆರಿಸುತ್ತ, ಓದುವವರನ್ನು ಹಿಡಿದಿಡುವಂತೆ ಟಿಪ್ಪಣಿ ಬರೆಯುತ್ತ ಕಲಿತರು. ಮುಂದೆ ‘ಶಿಕಾಗೊ ರೀಡರ್’ ಪತ್ರಿಕೆಯ ವಿಮರ್ಶಕರಾಗಿ ಹೆಸರು ಮಾಡಿ, 2013ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಚಿತ್ರ ವಿಭಾಗ ಸೇರಿದರು. ವಿಶ್ವವಿದ್ಯಾಲಯ ಸಿನಿಮಾ ಅಧ್ಯಯನದ ವಿಭಾಗ ತೆರೆಯುವ ಮೊದಲೇ ಹುಡುಗರು ಅದನ್ನು ನಡೆಸಿಬಿಟ್ಟಿದ್ದರು ಎನ್ನಬಹುದು, ಮೇಷ್ಟ್ರಿಲ್ಲದೆ, ಹಾಜರಿಯಿಲ್ಲದೆ.

ಸಂಘ ಇಷ್ಟು ಕಾಲ ಬಾಳಿದ್ದಕ್ಕೆ ಇನ್ನೊಂದು ಉತ್ತರ ಪ್ರೊಜೆಕ್ಟರ್ ಕೋಣೆಯಲ್ಲಿದೆ. 35 ಎಂ.ಎಂ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡು ಗಂಟೆಯ ಚಿತ್ರವೆಂದರೆ ಮೂರು ಕಿಲೋಮೀಟರಿಗೂ ಉದ್ದದ ಫಿಲ್ಮು! ಒಂದು ರೀಲಿನಲ್ಲಿ ಹಿಡಿಸುವುದು ಸುಮಾರು ಇಪ್ಪತ್ತು ನಿಮಿಷದ್ದು, ಅದಕ್ಕೇ ಎರಡು ಯಂತ್ರಗಳ ಜುಗಲ್‌ಬಂದಿ. (ನಮ್ಮ ಟೆಂಟ್ ಸಿನಿಮಾಗಳಲ್ಲಿ ಇರುತ್ತಿದ್ದುದು ಒಂದೇ ಪ್ರೊಜೆಕ್ಟರು. ರೀಲು ಮುಗಿದಾಗಲೆಲ್ಲ ದೀಪ ಹತ್ತಿ ಕಡಲೇಕಾಯಿ ಮಾರುವವನಿಗೆ ಸುಗ್ಗಿ.) ಎರಡು ಯಂತ್ರಗಳ ಈ ತಾಪತ್ರಯಕ್ಕೆ ಉಳಿದ ಮಂದಿರಗಳು ಕಂಡುಕೊಂಡ ಸುಲಭ ದಾರಿ, ರೀಲುಗಳನ್ನೆಲ್ಲ ಕತ್ತರಿಸಿ ಅಂಟಿಸಿ ದೊಡ್ಡ ತಟ್ಟೆಯ ಮೇಲೆ ಒಂದೇ ಸುರುಳಿಯಾಗಿ ಓಡಿಸುವುದು. ಡಾಕ್ ಮಾತ್ರ ಎರಡು ಯಂತ್ರಗಳನ್ನು ಬಿಡಲಿಲ್ಲ.

2013ರ ಕೊನೆಗೆ ಪ್ಯಾರಮೌಂಟ್ ಚಿತ್ರ ಕಂಪನಿ ಅಮೆರಿಕದಲ್ಲಿ ಹೊಸ ಚಿತ್ರಗಳ ಫಿಲ್ಮ್ ಪ್ರತಿ ಕೊಡುವುದನ್ನೇ ನಿಲ್ಲಿಸಿತು. ಉಳಿದ ಕಂಪನಿಗಳೂ ಡಿಜಿಟಲ್ ಹಾದಿ ಹಿಡಿದವು. ಊರೂರಿನ ಪ್ರೊಜೆಕ್ಟರುಗಳು ಗುಜರಿ ಸೇರಿದವು. ಹಳೆಯ ಪ್ರತಿಗಳು ಈಗ ಹೆಚ್ಚಾಗಿ ಸಂಗ್ರಹಾಲಯಗಳ ಕಪಾಟಿನಲ್ಲಿ. ಸಂಗ್ರಹಾಲಯದವರು ಪ್ರತಿ ಕೊಡುವ ಮುನ್ನ ಕೇಳುವುದು ಇದನ್ನೇ: ಎರಡು ಯಂತ್ರ ಉಂಟೇ? ಫಿಲ್ಮಿಗೆ ಕತ್ತರಿ ತಾಗುವುದಿಲ್ಲ ತಾನೇ? ಹುಡುಗರು ಬಿಡದೆ ಉಳಿಸಿಕೊಂಡ ಹಳೆಯ ರೂಢಿಯೇ ಹೀಗೆ ಅವರಿಗೆ ರಹದಾರಿಯಾಯಿತು. ಡಿಜಿಟಲ್ ಪ್ರದರ್ಶನವೂ ಅಲ್ಲಿದೆ. ಆದರೆ ಫಿಲ್ಮ್ ಪ್ರೊಜೆಕ್ಟರ್ ನಡೆಸುವ ವಿದ್ಯೆ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಕೊನೆಯ ವರ್ಷದವಳು ಮೊದಲ ವರ್ಷದವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕಲಿಸಬೇಕು. ಹಲ್ಲುಚಕ್ರಕ್ಕೆ ಫಿಲ್ಮು ಕೂಡಿಸುವುದು, ಹರಿದ ರಂಧ್ರಗಳನ್ನು ಬೆರಳಲ್ಲೇ ಸವರಿ ಗುರುತಿಸುವುದು, ಎಷ್ಟು ಸಡಿಲ ಬಿಡಬೇಕೆಂಬ ಅಂದಾಜು. ಆಟ ಮುಗಿದ ಮೇಲೆ ಒಂದೊಂದೇ ರೀಲನ್ನು ಡಬ್ಬಿಗೆ ತುಂಬಿ ಮುಚ್ಚಳ ಒತ್ತುವ ಕೆಲಸ, ಸಾಮಾನ್ಯವಾಗಿ, ಹೊಸಬನ ಪಾಲಿಗೇ ಬರುತ್ತದೆ.